ಮುಂದೆ ಎಂತದ್ದೂ ಇಲ್ಲ

ಶಾಲೆ ದುಬೈಯಲ್ಲಿ, ಹತ್ತೇ ದಿನ.
ವಸತಿ, ಅಗ್ಗವೆಂದು, ಶಾರ್ಜಾದಲ್ಲಿ.
ನಡುವಿನ ಹದಿನೆಂಟು ಕಿಲೋಮೀಟರು
ಪಠ್ಯಕ್ರಮದಲ್ಲಿ ಇರಲಿಲ್ಲ.

ಕೊರಳಿಗೆ ಹೆಸರಿನ ಬಿಲ್ಲೆ ತೂಗುಹಾಕಿದರು.
ಊರು ಮಸ್ಕಿ ಅಂತ ಬರೆದು ಕಳಿಸಿದ್ದೆ,
ಯಾವುದೋ ಯಂತ್ರ ತಿದ್ದಿ ಮಸ್ಕತ್ ಮಾಡಿತ್ತು.
ಹಾಗಾದರೆ ನೆರೆಯವಳೇ ಎಂದು ನಿಜ್ವಾದ ಹುಡುಗನೊಬ್ಬ
ಖರ್ಜೂರ ಕೊಟ್ಟ.
ತಿಂದ ಮೇಲೆ ನಿಜ ಹೇಳಿದೆ.

ಬೆಳಗ್ಗೆ ಎಂಟೂವರೆಗೆ ಇರುವೆ.
ಚಹಾ ಆದಮೇಲೆ ಜ್ವರ, ಒಂದು ಕೆಮ್ಮು
ಊರು ಹಿಡಿಯುವ ಲೆಕ್ಕ.
ಉಂಡು ಕಣ್ಣೆಳೆಯುವ ಹೊತ್ತಿಗೆ
ಕರೆಂಟಿನ ಜಾಲ, ಷೇರುಪೇಟೆ, ಮೀನಿನ ಹಿಂಡು.
ಯಾವುದಕ್ಕೂ ಯಜಮಾನನಿಲ್ಲ, ಅನ್ನುತ್ತಿದ್ದರು ಮೇಡಂ,
ಹಿಂಡಿಗೆ ಹಿಂಡೇ ಹೊರಳುತ್ತದೆ,
ಹೊರಳು ಅಂದವರನ್ನು ಹುಡುಕಬೇಡಿ.
ಗಾಜಿನ ಪೆಟ್ಟಿಗೆಯಲ್ಲಿ ಮರಳು ಸುರಿದು ತೋರಿಸಿದರು:
ಯಾವ ಕಾಳಿಗೆ ಗುಪ್ಪೆ ಜಾರುತ್ತದೋ ಹೇಳಲಾಗದು.
ಅದು ಮೀನಿನ ತೊಟ್ಟಿಗೆ ಹಾಕುವ ಮರಳು,
ಅಂಗಡಿಯದು, ಕಿಲೋಗೆ ಹನ್ನೆರಡು ದಿರ್ಹಮ್.
ಕಿಟಕಿಯಾಚೆ ಪುಕ್ಕಟೆ ಬಿದ್ದಿತ್ತು
ಕಣ್ಣು ಹಾಯುವಷ್ಟು.

ಮೂರನೇ ಸಂಜೆ ಇತ್ತಿಹಾದ್ ರಸ್ತೆಯಲ್ಲಿ ನಿಂತೆವು.
ಆರು ಸಾಲು ಕೆಂಪು ದೀಪ, ಒಂದು ತಾಸು.
ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದೆ,
ಮುಂದೆಲ್ಲೋ ಆಕ್ಸಿಡೆಂಟ್ ಆಗೇತಿ ಅನಸ್ತದ.
ಡ್ರೈವರು ಕನ್ನಡಿಯಲ್ಲಿ ನನ್ನ ನೋಡಿದ:
"ಆಕ್ಸಿಡೆಂಟ್ ಅಲ್ಲ ಮಾರಾಯ್ತಿ, ಮುಂದೆ ಎಂತದ್ದೂ ಇಲ್ಲ.
ಯಾರೋ ಒಬ್ಬ ಮೂಗು ತುರಿಸಿಕೊಳ್ಳುವಾಗ
ಬ್ರೇಕು ಒತ್ತಿದ್ದಾನೆ.
ಅವ ಮನೆಗೆ ಹೋಗಿ ಉಂಡು ಕೈ ತೊಳೆದೂ ಆಯ್ತು,
ಅವನ ಬ್ರೇಕು ಇಲ್ಲಿ ಬಾಕಿ ಉಂಟು."

ಪಾಣೆಮಂಗಳೂರಿನ ಉಮ್ಮರಬ್ಬ.
ಇಪ್ಪತ್ತೆರಡು ವರ್ಷದಿಂದ ಇದೇ ರಸ್ತೆ.
ಹದಿನಾರು ಪುಟದ ಪ್ರಬಂಧದಲ್ಲಿ
ಅದನ್ನೇ ನಾನು ಹಿಂದಿನ ರಾತ್ರಿ ಅರ್ಧ ಓದಿ
ಅರ್ಥವಾಗದೆ ಮಲಗಿದ್ದೆ.

ಮರುದಿನದಿಂದ ಮುಂದಿನ ಸೀಟು ನನ್ನದು.
ಅವರು ಮುಂದಿನ ಗಾಡಿಗೆ ಒತ್ತಿ ಹೋಗುವುದಿಲ್ಲ,
ಎರಡು ಬಸ್ಸು ಹಿಡಿಸುವಷ್ಟು ಜಾಗ ಬಿಡುತ್ತಾರೆ.
ಹಿಂದಿನವರು ಹಾರನ್ನು ಒತ್ತಿದರೆ ಒತ್ತಲಿ.
"ಜಾಗ ಬಿಟ್ಟರೆ ಬೇರೆಯವರು ನುಗ್ಗೋದಿಲ್ಲವಾ?"
"ನುಗ್ತಾರೆ."
"ಮತ್ತೆ?"
"ಮತ್ತೆ ಬಿಡುವುದು."
ಸುತ್ತ ಎಲ್ಲ ನಿಂತು ಹೊರಟು ನಿಂತು ಹೊರಡುವಾಗ
ನಮ್ಮ ಬಸ್ಸು ಮಾತ್ರ ನಡೆಯುತ್ತಿತ್ತು,
ತುಂಬಿದ ಕೊಡ ಹೊತ್ತವರ ಹಾಗೆ.

ಅಸ್ಮಾರಾದ ತಿರ್ಹಾಸ್, ಸಮರ್ಕಂದದ ನಾದಿರ್, ನಾನು,
ಮೂರು ರಾತ್ರಿ ನಿದ್ದೆಗೆಟ್ಟು
ಪರದೆಯ ಮೇಲೆ ಸಾವಿರ ಚುಕ್ಕಿ ಓಡಿಸಿದೆವು.
ಇಪ್ಪತ್ತಕ್ಕೊಂದು ಚುಕ್ಕಿಗೆ ಜಾಗ ಬಿಡುವ ಬುದ್ಧಿ ಕೊಟ್ಟೆವು.
ಬೆಳಗಿನ ಜಾವ ನಾಲ್ಕಕ್ಕೆ
ಸಿಕ್ಕು ತಾನಾಗಿ ಬಿಚ್ಚಿಕೊಂಡಿತು.
ತಿರ್ಹಾಸ್ ಕುಣಿದಳು, ಬರಿಗಾಲಲ್ಲಿ, ಕಾರಿಡಾರಿನಲ್ಲಿ.

ಕೊನೆಯ ದಿನ, ತಂಡಕ್ಕೆ ಎಂಟು ನಿಮಿಷ.
ಮೇಡಂ ಕನ್ನಡಕ ತೆಗೆದು ಕೇಳಿದರು:
ಈ ನಿಯಮ ಎಲ್ಲಿಂದ ಬಂತು?
"ಗಮನಿಸಿದ್ದು," ಎಂದೆ.
ಗಮನಿಸಿದ್ದು.
ವಂದನೆಗಳ ಪುಟದಲ್ಲಿ
ಹಣ ಕೊಟ್ಟ ಸಂಸ್ಥೆ, ಇಬ್ಬರು ಮಾರ್ಗದರ್ಶಕರು,
ನಾದಿರನ ಲ್ಯಾಪ್‌ಟಾಪು ರಿಪೇರಿ ಮಾಡಿದವನು ಕೂಡ ಇದ್ದ.
ಚಪ್ಪಾಳೆ ಬಿದ್ದವು.
ಹೊರಗೆ ನಲವತ್ತಮೂರು ಡಿಗ್ರಿಯಲ್ಲಿ
ಬಸ್ಸಿನ ನೆರಳಿನ ತುಂಡಿಗೆ ಒರಗಿ
ಅವರು ಕುಬ್ಬೂಸು ತಿನ್ನುತ್ತಿದ್ದರು.
"ಪಾಸಾ?" ಕೇಳಿದರು.
ಪಾಸು, ಅಂದೆ.
"ಒಳ್ಳೇದಾಯ್ತು" ಎಂದು ಅರ್ಧ ಮುರಿದು ಕೊಟ್ಟರು.

ಏರ್‌ಪೋರ್ಟಿಗೆ ಬೇರೆ ಡ್ರೈವರು.
ಉಮ್ಮರಬ್ಬರಿಗೆ ಇವತ್ತು ಸಿಮೆಂಟು ಕಂಪನಿಯ ಪಾಳಿಯಂತೆ.
ಈ ಹುಡುಗ ಮುಂದಿನ ಗಾಡಿಯ ಬೆನ್ನಿಗೇ ಅಂಟಿಕೊಂಡು
ಒತ್ತಿದ, ಬಿಟ್ಟ, ಒತ್ತಿದ.
ನನ್ನ ಹಣೆ ಎರಡು ಸಲ ಸೀಟಿಗೆ ಬಡಿಯಿತು.
ಹಿಂದಿರುಗಿ ನೋಡಿದೆ:
ನಮ್ಮ ಬ್ರೇಕಿನ ಕೆಂಪು
ಒಂದೊಂದೇ ಗಾಡಿ ದಾಟಿ ಶಾರ್ಜಾದ ಕಡೆಗೆ
ನಡೆದು ಹೋಗುತ್ತಿತ್ತು.