ತುಕ್ಕು ಹಚ್ಚುವ ಕೆಲಸ

ಹಗಲಿಡೀ ಪಡೀಲಿನ ಗ್ಯಾರೇಜಿನಲ್ಲಿ
ಸಿಟಿ ಬಸ್ಸುಗಳ ತುಕ್ಕು ಕೆರೆಯುತ್ತೇನೆ.
ಮಡ್‌ಗಾರ್ಡ್, ಫುಟ್‌ಬೋರ್ಡ್, ಕಿಟಕಿಯ ಕೆಳಗಿನ ಪಟ್ಟಿ.
ಕಡಲ ಗಾಳಿ ಯಾರ ಪರ್ಮಿಟ್ಟೂ ಕೇಳುವುದಿಲ್ಲ.
ರಾತ್ರಿ ಊಟವಾದ ಮೇಲೆ
ಅಂಗೈಯಗಲದ ಟ್ಯಾಂಕಿಗೆ
ಅದೇ ತುಕ್ಕನ್ನು ಕೂತು ಹಚ್ಚುತ್ತೇನೆ.
“ನಿಮಗೆ ಮಂಡೆ ಸಮ ಉಂಟಾ?” ಎನ್ನುತ್ತಾಳೆ ಗ್ರೆಟ್ಟಾ
ಉಪ್ಪಿನ ಡಬ್ಬಿ ಹುಡುಕುತ್ತಾ.

ಡಬ್ಬಿ ನನ್ನ ಹತ್ತಿರ.
ಕಂದು ಬಣ್ಣದ ಮೇಲೆ ನೀರು ಚಿಮುಕಿಸಿ,
ಉಪ್ಪು ಉದುರಿಸಿ, ಒಣಗಿದ ಮೇಲೆ ಮರಳು ಬಣ್ಣ ಹೊಡೆದು
ಹಳೆ ಬ್ರಷ್ಷಿನಿಂದ ತಿಕ್ಕಿದರೆ
ಉಪ್ಪು ಕೂತಲ್ಲೆಲ್ಲ ಒಳಗಿನ ಕಂದು ಇಣುಕುತ್ತದೆ.
ಇಪ್ಪತ್ತು ವರ್ಷ ಸಮುದ್ರ ಮಾಡುವುದು
ಒಂದೇ ರಾತ್ರಿಯಲ್ಲಿ, ಗಂಜಿಗೆ ಹಾಕುವ ಉಪ್ಪಿನಲ್ಲಿ.

ಪೆಟ್ಟಿಗೆಯಲ್ಲಿ ಬಂದಾಗ ಅದರ ಫಿರಂಗಿ ಗಿಡ್ಡ.
ಕತ್ತರಿಸಿ, ಮುಗಿದ ರೀಫಿಲ್ಲಿನ ಕೊಳವೆ ಕೂರಿಸಿದೆ.
ಬೆಂಗ್ರೆಯ ಹಸೈನಾರ್ ಕೊಟ್ಟ ಹರಿದ ಬಲೆಯ ತುಂಡು
ಚಹಾದಲ್ಲಿ ಅದ್ದಿ ಹೊದಿಸಿದೆ.
ಮೇಣದಬತ್ತಿಯ ಬಿಸಿಗೆ ಪ್ಲಾಸ್ಟಿಕ್ ಕಡ್ಡಿ ಎಳೆದು
ಕೂದಲಿನಷ್ಟು ಸಪೂರ ಏರಿಯಲ್.
ಅದು ಮಾತ್ರ ಮೂರು ಸಲ ತುಂಡಾಯಿತು.

ಧೂಳಿಗೆ ಹಿತ್ತಿಲ ಮುರಕಲ್ಲು ಅರೆದು
ಹಳೆ ದುಪಟ್ಟಾದಲ್ಲಿ ಜಾಲಿಸಿದ್ದೆ.
ಪ್ರಭಾಚಂದ್ರ ನೋಡಿ ನಕ್ಕ:
“ಇದು ಮರುಭೂಮಿದಲ್ಲ ಮಾರಾಯ, ಕುಲಶೇಖರದ್ದು.
ಯುದ್ಧಕ್ಕೆ ಹೋಗುವಾಗ ನಿನ್ನ ಟ್ಯಾಂಕು
ಪಂಪ್‌ವೆಲ್‌ನಲ್ಲಿ ಸಿಕ್ಕಿಬಿದ್ದಿತ್ತಾ?”

ಗ್ಯಾರೇಜಿನ ಗೇಟು ಕಾಯುವ ಐತಪ್ಪಣ್ಣ
ಒಂದು ಕಾಲದಲ್ಲಿ ನಿಜವಾದದ್ದನ್ನು ಓಡಿಸಿದವ.
ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು
ತುಂಬ ಹೊತ್ತು ಏನೂ ಹೇಳಲಿಲ್ಲ.
ಮತ್ತೆ, “ಇಷ್ಟು ತುಕ್ಕು ಬಿಟ್ಟಿದ್ದರೆ
ನಮ್ಮ ಸುಬೇದಾರ ಚರ್ಮ ಸುಲಿಯುತ್ತಿದ್ದ.
ಬೆಳಿಗ್ಗೆ ಎದ್ದರೆ ಎಣ್ಣೆ, ಮಲಗುವ ಮೊದಲು ಎಣ್ಣೆ.
ಹೋಗಲಿ. ಬಟ್ಟೆ ಎಲ್ಲಿ?”

ಎಂತ ಬಟ್ಟೆ?

“ಒಗೆದದ್ದು. ಫಿರಂಗಿ ಮೇಲೆ ಹರಡುತ್ತಿದ್ದೆವು.
ಇಂಜಿನ್ ಮೇಲಾದರೆ ಅರ್ಧ ಗಂಟೆ, ಕಟಕಟ ಒಣಗುತ್ತಿತ್ತು.”

ಅರ್ಧ ತುಕ್ಕು ಕೆರೆದು ತೆಗೆದೆ, ಹಗಲಿನ ಹಾಗೆಯೇ.
ಟಿಶ್ಯೂ ಕಾಗದ, ಗಂಜಿ ತಿಳಿ:
ಉಗುರಿಗಿಂತ ಚಿಕ್ಕ ಬನಿಯನ್ ಒಂದು.
ಅಂಟಿಸಲಿಲ್ಲ, ಸುಮ್ಮನೆ ತೂಗಹಾಕಿದೆ.

ಈ ಭಾನುವಾರ ಕೇರಂ ಬೋರ್ಡು ಸರಿಸಿದ ಮೇಜಿನಲ್ಲಿ
ಎರಡನೇ ಸರದಿಗೇ ಪ್ರಭಾಚಂದ್ರನಿಗೆ ಆರು ಬಿತ್ತು.
ಸತ್ತ ಗಾಡಿಯ ಮೇಲೆ ಕಪ್ಪು ಹತ್ತಿ ಇಡಬೇಕು
ಹೊಗೆಯ ಲೆಕ್ಕಕ್ಕೆ. ನಾನು ಹಿಂಜುವಷ್ಟರಲ್ಲಿ
ಆಟ ನೋಡಲು ಬಂದಿದ್ದ ಐತಪ್ಪಣ್ಣ ಬಾಗಿ,
ಎರಡೇ ಬೆರಳಿನಲ್ಲಿ
ಬನಿಯನ್ ಎತ್ತಿಕೊಂಡ,
ಮೊದಲ ಹನಿಗೆ ಅಂಗಳಕ್ಕೆ ಓಡಿದವರ ಹಾಗೆ.

ಹತ್ತಿ ನನ್ನ ಕೈಯಲ್ಲೇ ಇತ್ತು.