ನೂರಾಹತ್ತು ವೋಲ್ಟಿನ ಹಕ್ಕಿ

ಹರಿಗೋಲು ಹತ್ತುವಾಗ ಚಪ್ಪಲಿ ಕೈಯಲ್ಲಿ,
ಬಗಲಲ್ಲಿ ರಟ್ಟಿನ ಡಬ್ಬಿ.
"ನಡುವ ಕುಂದರ್ರಿ," ಅಂದ ಹುಸೇನಪ್ಪ,
"ದೇಶ ತಿರುಗಿ ತೂಕ ಆಗೀರಿ."
ಕೃಷ್ಣೆ ಇನ್ನೂ ಕೆಂಪಗಿತ್ತು. ಬಂಡೆಯ ಮೇಲೊಂದು ಮೊಸಳೆ
ಬಾಯಿ ತೆರೆದು ಬಿಸಿಲು ಕುಡಿಯುತ್ತಿತ್ತು.
ಹಿಂದೆ ಶಕ್ತಿನಗರದ ಚಿಮಣಿಗಳು;
ಅದರಲ್ಲೊಂದರ ಬುಡದಲ್ಲಿ ನನ್ನ ಇಪ್ಪತ್ತೆರಡು ವರ್ಷ.

"ಹೇಳ್ರಿ, ಆ ಗಡ್ಡಿ ಎಂಥಾದ್ದು?"

ಸುತ್ತ ನೀರು, ನಿಮ್ಮದರ ಹಾಗೇ.
ಆದರೆ ಉಪ್ಪು, ಮತ್ತು ನೀಲಿ:
ಮದುವೆಮನೆಯ ಸುಣ್ಣಕ್ಕೆ ನೀಲಿ ಹೆಚ್ಚು ಬಿದ್ದ ಹಾಗೆ.
ಅಂಗೈಯಷ್ಟು ನೆಲ, ಎರಡು ದೇಶ.
ಬಡಗಣ ಫ್ರಾನ್ಸಿನದು, ತೆಂಕಣ ಡಚ್ಚರದು.
ನಡುವೆ ಗೇಟಿಲ್ಲ, ಲಾಠಿಯಿಲ್ಲ,
ಒಂದು ಕಲ್ಲುಕಂಬ; ಅದಕ್ಕೆ ಬೆನ್ನು ತಿಕ್ಕುವ ಆಡು.

"ಪಾಲು ಮಾಡಿದೋರು ಯಾರು?"

ಅಲ್ಲಿಯವರೂ ನಗುತ್ತಲೇ ಹೇಳುವ ಕತೆ:
ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಂತರಂತೆ,
ಒಬ್ಬ ದಂಡೆ ಹಿಡಿದು ಹೀಗೆ ನಡೆದ, ಇನ್ನೊಬ್ಬ ಹಾಗೆ.
ಎದುರಾದಲ್ಲಿ ಗಡಿ.
ಒಬ್ಬ ಕುಡಿದದ್ದು ದ್ರಾಕ್ಷಿಯದು, ಇನ್ನೊಬ್ಬ ಖಡಕ್ಕು ಜಿನ್ನು;
ಜಿನ್ನಿನವ ಮರದಡಿ ಮಲಗಿದ,
ಅದಕ್ಕೇ ಅವನ ಪಾಲು ಸಣ್ಣದು.

ಹುಸೇನಪ್ಪ ಹುಟ್ಟು ನಿಲ್ಲಿಸಿ ನಕ್ಕ.
ಹರಿಗೋಲು ಸುಮ್ಮನೆ ಒಂದು ಸುತ್ತು ತಿರುಗಿತು.
"ಕುಡುಕರ ನಡಿಗಿ ನಂಬಿ ಗಡಿ ಹಾಕ್ಯಾರಲ್ರಿ!
ನಮ್ದು ಹೊಳೀನೇ ಅಳೀತದ. ವರ್ಷಾ ಅಳೀತದ.
ಹ್ವಾದ ಮಳಿಗಾಲ ನನ್ನ ಅರ್ಧ ಎಕರೆ ಒಯ್ದು
ಆ ದಂಡಿಗೆ ಹಾಕ್ತು, ತೆಲಂಗಾಣಕ್ಕ.
ಪಹಣಿ ನನ್ನ ಹೆಸರಿಗದ,
ಮಣ್ಣು ಅವರ ಶೇಂಗಾದಾಗ ಅದ."

ಅವನ ಜೇಬಿನಲ್ಲಿ ಫೋನು ಗುಂಯ್ ಅಂತು:
ತೆಲುಗಿನಲ್ಲಿ ಸ್ವಾಗತ.
ನಾವಿನ್ನೂ ಕರ್ನಾಟಕದ ನೀರಲ್ಲೇ ಇದ್ದೆವು.

ಚಂಡಮಾರುತ ಮುಗಿದ ಮೇಲೆ ಹೋಗಿದ್ದೆ, ಗುತ್ತಿಗೆಗೆ, ಏಳು ತಿಂಗಳು.
ಕಂಬಗಳು ಜೋಳದ ದಂಟಿನಂತೆ ಮಲಗಿದ್ದವು.
ಅಲ್ಲಿ ಕರೆಂಟೂ ಎರಡು ಜಾತಿ:
ಈ ಕಡೆ ನೂರಾಹತ್ತು, ಆ ಕಡೆ ಇನ್ನೂರಾ ಇಪ್ಪತ್ತು.
ಆಡು ದಾಟುತ್ತದೆ, ಜ್ವರ ದಾಟುತ್ತದೆ, ಸೊಸೆ ದಾಟುತ್ತಾಳೆ,
ಒಂದು ಮಿಕ್ಸಿ ದಾಟಲಾರದು.
ಗಡಿಯಂಚಿನ ಎವ್ಲಿನ್ ಎಣ್ಣೆಯಲ್ಲಿ ರೊಟ್ಟಿ ಕರಿದು ಮಾರುವವಳು;
ಗಂಡನ ಗೋರಿ ಫ್ರಾನ್ಸಿನಲ್ಲಿ, ಒಲೆ ಡಚ್ಚರಲ್ಲಿ.
ಲೈನು ಹತ್ತಿದ ಸಂಜೆ, ಫ್ರಿಜ್ಜು ಗುರ್ ಅಂದಾಗ
ಅದರ ಬಾಗಿಲಿಗೆ ಕೆನ್ನೆ ಒತ್ತಿ ನಿಂತಳು.
ರೊಟ್ಟಿಗೆ ದುಡ್ಡು ಮುಟ್ಟಲಿಲ್ಲ, ಯಾವ ದೇಶದ್ದೂ.

ಹೇಳಿ ಮುಗಿಸುವಷ್ಟರಲ್ಲಿ ತಳಕ್ಕೆ ಮರಳು ಗೀರಿತು.

ತಂಗಿ ಪದ್ದಮ್ಮ ಚಾ ಇಟ್ಟಳು. ಅವಳ ಮಗಳು ಭೂಮಿಕಾ ಡಬ್ಬಿ ಹರಿದಳು:
ಗಾಜಿನ ಹೆಜ್ಜಾರ್ಲೆ, ಹೊಟ್ಟೆಯೊಳಗೆ ದೀಪ,
ಡಚ್ಚರ ಅಂಗಡಿಯದು.
ಓಡಿದಳು ಪ್ಲಗ್ಗಿಗೆ. ನಾನು ಎದ್ದು ಕೂಗುವುದರೊಳಗೆ
(ಒಂದು ಊರಿಗೆ ಬೆಳಕು ಹಾಕಿದವ ಕನ್ವರ್ಟರ್ ಮರೆತಿದ್ದೆ)
ಒತ್ತಿಯೇ ಬಿಟ್ಟಳು.

ಟಪ್ ಅನ್ನಲಿಲ್ಲ. ಹೊಗೆಯಿಲ್ಲ. ಏನೂ ಇಲ್ಲ.

"ಕರೆಂಟಿಲ್ಲಣ್ಣ," ಅಂದಳು ಪದ್ದಮ್ಮ ಚಾ ಸೋಸುತ್ತ,
"ಹೊಳಿಯಾಗಿನ ಕಂಬ ಬಿದ್ದು ಹತ್ತೊಂಬತ್ತು ದಿನ."

ರಾತ್ರಿ ಉಳಿದೆ. ಹೊರಸಿನಿಂದ ನೋಡಿದರೆ
ನನ್ನದೇ ಚಿಮಣಿಯ ತುದಿಯಲ್ಲಿ ಕೆಂಪು ದೀಪ,
ವಿಮಾನಗಳು ಎಡವಬಾರದೆಂದು.
"ಸಮುದ್ರ ದಾಟಿ ದೀಪ ಹಚ್ಚಿ ಬಂದಾನ ನಮ್ಮಣ್ಣ,"
ಕತ್ತಲಲ್ಲಿ ಯಾರದೋ ಮುಖಕ್ಕೆ ಹೇಳುತ್ತಿದ್ದಳು ಪದ್ದಮ್ಮ.
ಅದರಲ್ಲಿ ಕೊಂಕಿರಲಿಲ್ಲ.
ಇದ್ದಿದ್ದರೆ ನಿದ್ದೆ ಬರುತ್ತಿತ್ತು.

ಭೂಮಿಕಾ ಹಕ್ಕಿಯ ಹಿಂದೆ ಬ್ಯಾಟ್ರಿ ಹಿಡಿದಳು.
ಗೋಡೆಯ ತುಂಬ ಕೊಕ್ಕು ಎದ್ದಿತು, ಅಲುಗಿತು,
ಒಲೆಯನ್ನೂ ತಂಬಿಗೆಯನ್ನೂ ನುಂಗಿತು.

ಬೆಳಿಗ್ಗೆ ಹುಸೇನಪ್ಪ ಕಂಬದ ಹತ್ತಿರ ಹಾಯಿಸಿದ.
ಅರ್ಧ ನೀರಲ್ಲಿ; ಪಿಂಗಾಣಿಯ ಮೇಲೆ ಬೆಳ್ಳಕ್ಕಿ.
ಪ್ಯಾಂಟು ಮಡಚುತ್ತಿದ್ದವನ ಭುಜ ಹಿಡಿದ:
"ಬಿಡ್ರಿ. ನಿಮ್ದು ಕರೆಂಟ್ ಹುಟ್ಟಿಸೋ ಕಂಪನಿ,
ಹಂಚೋರು ಬ್ಯಾರೆ."

ಹಕ್ಕಿಯ ರೆಕ್ಕೆಯ ಅಡಿಗೆ ಪೆನ್ನಿನಲ್ಲಿ
ದಪ್ಪಗೆ ಬರೆದಿಟ್ಟು ಬಂದಿದ್ದೆ:
ಕರೆಂಟ್ ಬಂದ ಮ್ಯಾಲ ಚುಚ್ಚಬ್ಯಾಡ.