ನಲವತ್ತೆರಡನೆಯ ದಿನ

ಗ್ರಿಮ್ಸ್‌ಬಿ ಕಾಲೇಜಿನಲ್ಲಿ ನನ್ನದು ಹಾಜರಿಯ ಕೆಲಸ.
ಗಾರೆ ಕಲಸಲು ಬಂದ ಹುಡುಗರು
ನಲವತ್ತೆರಡು ದಿನ ನಿಂತರೆ
ಸರ್ಕಾರದ ಲೆಕ್ಕಕ್ಕೆ ಬರುತ್ತಾರೆ.
ನಲವತ್ತೊಂದಕ್ಕೆ ಬಿಟ್ಟವನು
ಬಂದೇ ಇರಲಿಲ್ಲ.

ಕೋರಿ ಓಡ್ಲಿಂಗ್‌ನದು ಬಡವರ ಬೀದಿ.
ಪೋಸ್ಟ್‌ಕೋಡ್ ಒತ್ತಿದರೆ ಅವನ ತಲೆಗೆ
ಒಂದಿಷ್ಟು ಹೆಚ್ಚೇ ಬೀಳುತ್ತದೆ.
ಅವನಿಗಲ್ಲ;
ಸೋರುವ ವರ್ಕ್‌ಶಾಪಿಗೆ, ಹೀಟರಿಗೆ, ನನ್ನ ಸಂಬಳಕ್ಕೆ.
ಅವನಿಗೆ ಸಿಕ್ಕಿದ್ದು ಬಸ್ ಪಾಸು.

ಮೂವತ್ತೊಂಬತ್ತರಿಂದ ಅವನ ಸುಳಿವಿಲ್ಲ.
ಫೋನು ಮಾಡಿದೆ. ಹಿಂದೆ ಮೀನು ಕೊಯ್ಯುವ ಯಂತ್ರದ ಸದ್ದು.
‘ಪಾಳಿ ಸಿಕ್ಕಿದೆ, ಮಿಸ್.’
‘ಬುಧವಾರ, ಒಂದೇ ಒಂದು ದಿನ ಬಾರಪ್ಪಾ’ ಎಂದೆ
ಸಾಲ ಕೇಳುವವಳ ದನಿಯಲ್ಲಿ.

ಬಂದ. ನಿದ್ದೆಗೆಟ್ಟ ಕಣ್ಣು,
ಎಷ್ಟು ತೊಳೆದರೂ ಬಿಡದ ಕಾಡ್ ಮೀನಿನ ವಾಸನೆ.
ಸಹಿ ಹಾಕಿ ನೇರ
ತಾನು ಎದೆಮಟ್ಟ ಎಬ್ಬಿಸಿದ್ದ ಗೋಡೆಯ ಬಳಿ ಹೋದ.

ಗೋಡೆ ಇರಲಿಲ್ಲ.
ಅಭ್ಯಾಸದ ಗೋಡೆಯಲ್ಲವೇ,
ಕೆಡವಿ, ಸುಣ್ಣ ಕೆರೆದು
ಮುಂದಿನವರಿಗೆ ಇಟ್ಟಿಗೆ ಪೇರಿಸಿಡುತ್ತೇವೆ.

‘ಈಗ ನಾನು ಲೆಕ್ಕಕ್ಕೆ ಬಂದೆನಾ?’
‘ಬಂದೆ’ ಎಂದೆ.

ಒಂದೊಂದೇ ಇಟ್ಟಿಗೆ ಎತ್ತಿ
ತಿರುವಿ ನೋಡುತ್ತಿದ್ದ,
ಯಾವುದು ತನ್ನದೆಂದು.
ಬಸ್ಸಿಗೆ ಇನ್ನೂ ಹೊತ್ತಿತ್ತು.